ಕೈಯ ನರ ಹುಡುಕುವ ಯಂತ್ರ

ಮೊಳಕೈಯಿಂದ ಮಣಿಕಟ್ಟಿನವರೆಗೆ ಎರಡು ಎಲುಬುಗಳಿವೆ. ಜಾರಿ ಬೀಳುವವರು ಅಂಗೈ ಊರುತ್ತಾರೆ. ಆಗ ಹೆಚ್ಚಾಗಿ ಮುರಿಯುವುದು ಹೆಬ್ಬೆರಳಿನ ಕಡೆಯ ಎಲುಬು, ಅದೂ ಮಣಿಕಟ್ಟಿನ ಹತ್ತಿರ. ಕಿರುಬೆರಳಿನ ಕಡೆಯದೊಂದೇ, ನಟ್ಟನಡುವೆ, ಕಡ್ಡಿಯ ಹಾಗೆ ಅಡ್ಡಕ್ಕೆ ಮುರಿದಿದ್ದರೆ ಆ ಕೈಯನ್ನು ಏಟಿಗೆ ಅಡ್ಡ ಹಿಡಿದಿರುವ ಸಂಭವವೇ ಹೆಚ್ಚು. ಇಪ್ಪತ್ತು ವರ್ಷದಿಂದ ಅರಿವಳಿಕೆ ಕೊಡುವ ಕೆಲಸ ಮಾಡುತ್ತಿರುವ ನನಗೆ ಇದು ಗೊತ್ತಿತ್ತು. ಆ ದಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗಲೂ ಗೊತ್ತಿತ್ತು. ಹಾಗಿದ್ದೂ ಕೇಸ್ ಪೇಪರಿನಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದು’ ಎಂದು ಬರೆದಿದ್ದನ್ನು ಓದಿ, ಕೆಳಗೆ ನನ್ನ ಸಹಿ ಹಾಕಿದೆ. ಇದನ್ನು ಮೊದಲೇ ಹೇಳಿಬಿಡಬೇಕು.

ನಮ್ಮದು ಉಣಕಲ್ ದಾಟಿ ಬೈರಿದೇವರಕೊಪ್ಪದ ಕಡೆ ಹೋಗುವ ರಸ್ತೆಯ ಮೇಲಿರುವ ಸಣ್ಣ ಎಲುಬಿನ ಆಸ್ಪತ್ರೆ. ಪೂರ್ತಿ ಪ್ರಜ್ಞೆ ತಪ್ಪಿಸುವ ಬದಲು ಕೈಗೋ ಕಾಲಿಗೋ ಹೋಗುವ ನರಗಳ ಬುಡದಲ್ಲಿ ಔಷಧಿ ಹಾಕಿ, ಅಷ್ಟು ಭಾಗವನ್ನು ಮಾತ್ರ ಜೋಮು ಹಿಡಿಸುವುದು ನನ್ನ ಕೆಲಸದ ದೊಡ್ಡ ಪಾಲು. ಅದುವರೆಗೆ ಚರ್ಮದ ಮೇಲೆ ಬೆರಳಿಟ್ಟು, ಅಂದಾಜಿನ ಮೇಲೆ ಸೂಜಿ ಹಾಕುತ್ತಿದ್ದೆ. ಸೂಜಿಯನ್ನೂ ನರವನ್ನೂ ಕಣ್ಣಿಗೆ ಕಾಣಿಸುವ ಅಲ್ಟ್ರಾಸೌಂಡ್ ಯಂತ್ರ ಬೇಕೆಂದು ಎರಡು ವರ್ಷ ಕೇಳಿದ ಮೇಲೆ, ಆಸ್ಪತ್ರೆಯ ಮಾಲೀಕರೂ ಆದ ದೊಡ್ಡ ಡಾಕ್ಟರು ಒಪ್ಪಿದ್ದರು. ಯಂತ್ರ ಮಾರುವವನು ಎರಡು ತಂದಿದ್ದ. ಒಂದು ಕೈಯಲ್ಲಿ ಹಿಡಿದು ಒಯ್ಯುವಂಥದ್ದು. ಇನ್ನೊಂದು ಗಾಲಿಯ ಮೇಲೆ ನಿಂತದ್ದು, ದೊಡ್ಡ ಪರದೆಯದು. ದೊಡ್ಡ ಡಾಕ್ಟರ ಮನಸ್ಸು ಸಣ್ಣದರ ಮೇಲಿತ್ತು. ನನ್ನದು ಇನ್ನೂ ಯಾವುದರ ಮೇಲೂ ಇರಲಿಲ್ಲ.

ಇಂಥ ಯಂತ್ರವನ್ನು ತೋರಿಸಲು ತರುವುದಕ್ಕೂ ಜಿಲ್ಲಾ ಆರೋಗ್ಯ ಕಚೇರಿಯ ಅನುಮತಿ ಬೇಕು. ಅದು ಕೈ ನೋಡುವುದೋ ಕಾಲು ನೋಡುವುದೋ ಕಾಯ್ದೆ ಕೇಳುವುದಿಲ್ಲ. ಬಸಿರು ನೋಡಲು ಸಾಧ್ಯವಿರುವ ಯಂತ್ರ, ಅಷ್ಟೇ. ಅನುಮತಿಯ ಕಾಗದ ಬಂದಿತ್ತು. ಭ್ರೂಣಲಿಂಗ ಪತ್ತೆ ಇಲ್ಲಿ ಮಾಡುವುದಿಲ್ಲ ಎಂಬ ಬೋರ್ಡನ್ನು ಆಪರೇಷನ್ ಥಿಯೇಟರಿನ ಬಾಗಿಲಿಗೆ ಹಿಂದಿನ ದಿನವೇ ನಾನೇ ಅಂಟಿಸಿದ್ದೆ. ಎಲುಬಿನ ಆಸ್ಪತ್ರೆಯಲ್ಲಿ ಆ ಬೋರ್ಡು ಏಕೆಂದು ಅವತ್ತು ಇಬ್ಬರು ಕೇಳಿದರು.

ಅವತ್ತು ಬಂದ, ಆ ಎಕ್ಸ್‌ರೇಯ ಹೆಂಗಸಿಗೆ ಇಪ್ಪತ್ತಾರು ವರ್ಷ. ಐದು ತಿಂಗಳ ಬಸುರಿ. ಮುರಿದದ್ದು ಎಡಗೈ. ಹೊಟ್ಟೆಯಲ್ಲಿ ಮಗು ಇರುವುದರಿಂದ ಪೂರ್ತಿ ಅರಿವಳಿಕೆಗಿಂತ ಕೈಯೊಂದನ್ನೇ ಜೋಮು ಹಿಡಿಸುವುದು ಒಳ್ಳೆಯದೆಂದು ನಾನೇ ಹೇಳಿದೆ. ಎರಡು ಯಂತ್ರಗಳಿಂದಲೂ ನೋಡಬಹುದೇ ಎಂದು ಅವಳನ್ನು ಕೇಳಿದೆ. ಅವಳು ನನ್ನ ಮುಖ ನೋಡಿ, ಆಮೇಲೆ ನಮ್ಮ ಥಿಯೇಟರ್ ಸಿಸ್ಟರ್ ಮುಖ ನೋಡಿದಳು.

“ನನ್ನ ಕೇಳಾಕತ್ತೀರೇನ್ರಿ?”

“ಮತ್ಯಾರನ್ನ ಕೇಳೂಣವಾ, ಕೈ ನಿಂದು,” ಎಂದರು ಸಿಸ್ಟರ್. ಅವರು ಧಾರವಾಡದವರು, ಮಿಷನ್ ಶಾಲೆಯಲ್ಲಿ ಓದಿದವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ನಾಲಿಗೆಗೆ ದೊಡ್ಡ ಡಾಕ್ಟರೂ ಅಂಜುತ್ತಿದ್ದರು.

ಅವಳ ಮುಖವನ್ನು ಬಲಕ್ಕೆ ತಿರುಗಿಸಿ, ಸೆರಗು ಸರಿಸಿ, ಎಡ ಕೊರಳೆಲುಬಿನ ಮೇಲೆ ಜೆಲ್ ಹಚ್ಚಿ ಮೊದಲು ಸಣ್ಣ ಯಂತ್ರದ, ಮೈಗೆ ಒತ್ತಿ ನೋಡುವ ಪ್ರೋಬ್ ಇಟ್ಟೆ. ರಕ್ತನಾಳ ಮಿಡಿಯುವುದು ಕಂಡಿತು. ಅದರ ಪಕ್ಕ ನರಗಳ ಗೊಂಚಲು ಇರಬೇಕಾದ ಕಡೆ ಬೂದುಬಣ್ಣದ ಮಬ್ಬು. ಎರಡನೆಯದನ್ನು ತಂದೆವು. ನರಗಳು ಬಿಡಿಬಿಡಿಯಾಗಿ, ಒಂದೊಂದಕ್ಕೂ ಅಂಚಿದ್ದ ಹಾಗೆ ಕಂಡವು. ಅದರ ಕೆಳಗೆ ಮೊದಲ ಪಕ್ಕೆಲುಬು, ಅದರಾಚೆ ಉಸಿರಿಗೆ ತಕ್ಕಂತೆ ಜಾರುವ ಶ್ವಾಸಕೋಶದ ಪೊರೆ. ಖುಷಿಯಾಯಿತು ನನಗೆ. ಆ ನರಗಳು ಕುತ್ತಿಗೆಯಲ್ಲಿ ಎಲ್ಲಿಂದ ಹೊರಡುತ್ತವೆಂದು ನೋಡಲು ಪ್ರೋಬನ್ನು ನಿಧಾನವಾಗಿ ಮೇಲಕ್ಕೆ ಜಾರಿಸಿದೆ.

ಕುತ್ತಿಗೆಯ ಪಕ್ಕದ ದಪ್ಪ ಸ್ನಾಯುವಿನ ನಡುವೆ ಒಂದು ಕಪ್ಪು ಮಡು ಇತ್ತು. ಪರದೆಯ ಮೇಲೆ ದ್ರವ ಕಪ್ಪಾಗಿ ಕಾಣುತ್ತದೆ. ಸ್ನಾಯುವಿನ ಎಳೆಗಳು ಆ ಮಡುವಿನ ಅಂಚಿಗೆ ಬಂದು ಹರಿದು ನಿಂತಿದ್ದವು. ಸ್ವಲ್ಪ ಮೇಲೆ ಇನ್ನೊಂದು. ಸಣ್ಣ ಯಂತ್ರವನ್ನು ಮತ್ತೆ ಅಲ್ಲೇ ಇಟ್ಟು ನೋಡಿದೆ. ಅದರಲ್ಲಿ ಬರೀ ಬೂದು. ದೊಡ್ಡದನ್ನು ಇಟ್ಟೆ, ರಕ್ತ. ಪ್ರೋಬ್ ತೆಗೆದು, ಜೆಲ್ ಒರೆಸಿ, ಬರಿಗಣ್ಣಿನಿಂದ ನೋಡಿದೆ. ಅರಿಶಿನ ಹಚ್ಚಿದ್ದ ಚರ್ಮದ ಕೆಳಗೆ ಒಂದರ ಮೇಲೊಂದರಂತೆ ನಾಲ್ಕು ಅಂಡಾಕಾರದ ಗುರುತುಗಳು. ಅವಳ ಮುಖವನ್ನು ಈಚೆಗೆ ತಿರುಗಿಸಿ ಬಲಗಡೆ ನೋಡಿದೆ. ಅಲ್ಲಿ ಒಂದು, ಉಳಿದವಕ್ಕಿಂತ ದೊಡ್ಡದು.

“ಇಲ್ಲೇನಾತವಾ?” ಎಂದೆ.

“ಬಚ್ಚಲದಾಗ ಬಿದ್ದೇನ್ರಿ ಅಕ್ಕಾರ.”

“ಆ ಬಚ್ಚಲಕ್ಕ ಕೈ ಐತಿ, ಐದು ಬಟ್ಟು ಅದಾವ ನೋಡ್ರಿ,” ಎಂದರು ಸಿಸ್ಟರ್.

ಅವಳು ನಗಲಿಲ್ಲ, ಅಳಲೂ ಇಲ್ಲ. ನಾನು ಸೂಜಿ ಹಾಕಿದೆ. ಔಷಧಿ ನರಗಳ ಸುತ್ತ ಹರಡುವುದನ್ನು ಪರದೆಯ ಮೇಲೆ ನೋಡಿದೆ. ಹದಿನೈದು ನಿಮಿಷಕ್ಕೆ ಅವಳ ಕೈ ಅವಳದಲ್ಲದಂತೆ ಬಿದ್ದುಕೊಂಡಿತು. ನಾನು ಚಿಮಟದಿಂದ ಚಿವುಟಿ, ನೋವಾಯಿತೇ ಎಂದು ಕೇಳಿದೆ. ಅವಳು ಬಲಗೈಯಿಂದ ಎಡಗೈಯನ್ನು ಎತ್ತಿ, ಬಿಟ್ಟು, ಅದು ಬೀಳುವುದನ್ನು ನೋಡಿದಳು.

“ಈಗ ಹೊಡದ್ರೂ ಗೊತ್ತಾಗಾಂಗಿಲ್ಲೇನ್ರಿ?”

“ಇಲ್ಲ.”

“ಇಡೀ ಮೈಗೆ ಹಿಂಗ ಮಾಡಾಕ ಬರ್ತೈತೇನ್ರಿ?”

ಅದಾದ ಮೇಲೆ ಅವಳೇ ಹೇಳಿದಳು. ದೊಡ್ಡ ಡಾಕ್ಟರು ಎಲುಬಿಗೆ ಲೋಹದ ಪಟ್ಟಿ ಕೂಡಿಸಿ ತಿರುಪು ಬಿಗಿಯುತ್ತಿದ್ದಾಗ, ಮುಖದ ಮುಂದಿನ ಹಸಿರು ಬಟ್ಟೆಯ ಈಚೆ, ನನಗೆ ಮಾತ್ರ ಕೇಳುವಷ್ಟು ದನಿಯಲ್ಲಿ. ಗಂಡ ಸರಕಿನ ಟೆಂಪೊ ಓಡಿಸುತ್ತಾನೆ. ಮೂರು ವರ್ಷದ ಮಗಳಿದ್ದಾಳೆ. ಇದೂ ಹೆಣ್ಣೇ ಎಂದು ಯಾರೋ ಮುದುಕಿ ಹೊಟ್ಟೆಯ ಆಕಾರ ನೋಡಿ ಹೇಳಿದ್ದಳು. ಅವನು ಟೆಂಪೊದ ಜಾಕಿನ ರಾಡು ತಂದ.

“ಹೊಟ್ಟಿಗೆ ಬೀಸಿದ್ರು. ನಾ ಕೈ ಅಡ್ಡ ಕೊಟ್ಟೆ. ಎರಡನೇದ್ದು ಗ್ವಾಡಿಗೆ ಬಡೀತು. ಆಮ್ಯಾಲೆ ಕುತ್ತಿಗಿ ಹಿಡದ್ರು. ಮಗಳು ಅವರ ಕಾಲ ಕಡದ್ಲು, ಅದಕ್ಕ ಬಿಟ್ರು.”

ಇಂಥದ್ದನ್ನು ಪೊಲೀಸರಿಗೆ ತಿಳಿಸುವುದು ನಮ್ಮ ಕರ್ತವ್ಯ. ತಿಳಿಸುತ್ತೇನೆ ಎಂದೆ. ಅವಳು ತಲೆ ಎತ್ತಲು ಹೋದಳು.

“ಬ್ಯಾಡ್ರಿ. ಒಂದಿನ ಒಯ್ತಾರ, ಎರಡನೇ ದಿನ ಬಿಡ್ತಾರ. ಮೂರನೇ ದಿನ ನಾ ಎಲ್ಲಿರ್ಲಿ? ನಿಮ್ಮ ಮನ್ಯಾಗಿರ್ಲೇನು?”

ನಾನು ಅವಳ ತಲೆಯನ್ನು ಮೆಲ್ಲಗೆ ದಿಂಬಿಗೆ ಒರಗಿಸಿದೆ.

ಶಸ್ತ್ರಚಿಕಿತ್ಸೆ ಮುಗಿಯಿತು. ಯಂತ್ರ ಮಾರುವವನಿಗೆ, “ದೊಡ್ಡದೇ ಇರಲಿ, ಇದು ಕಾಣಿಸ್ತದ,” ಎಂದೆ. ಏನು ಕಾಣಿಸಿತು ಎಂದು ಹೇಳಲಿಲ್ಲ. ಅವನಿಗೆ ಸಂತೋಷವಾಯಿತು. ಎಲ್ಲಿ ಯಂತ್ರ ಒಪ್ಪಿಗೆಯಾದರೂ ಪೇಡೆ ಹಂಚುವುದು ಅವನ ಪದ್ಧತಿಯಂತೆ. ಬೆಳಿಗ್ಗೆ ಧಾರವಾಡದಿಂದ ಬರುವಾಗಲೇ ಡಬ್ಬಿ ತಂದಿದ್ದ. ನಮಗೆಲ್ಲ ಕೊಟ್ಟು, ಯಂತ್ರವನ್ನು ತಳ್ಳಿಕೊಂಡು ಹೊರಗೆ ಹೋದವನು, ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅವಳ ಅತ್ತೆಗೂ ಡಬ್ಬಿ ಚಾಚಿದ.

“ತಗೋರಿ ಅವ್ವಾರ. ಛಲೋ ಸುದ್ದಿ ಐತಿ.”

ನಮ್ಮ ಕಡೆ ಗಂಡು ಹುಟ್ಟಿದರೆ ಪೇಡೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುವವರಿದ್ದಾರೆ. ಬಸುರಿ ಸೊಸೆ ಒಳಗೆ ಹೋಗಿದ್ದಳು. ಹಿಂದೆಯೇ ಸ್ಕ್ಯಾನಿಂಗ್ ಯಂತ್ರ ಹೋಗಿತ್ತು. ಈಗ ಅದೇ ಯಂತ್ರದವನು ಹೊರಗೆ ಬಂದು, ನಗುತ್ತ, ಪೇಡೆ ಕೊಡುತ್ತಿದ್ದಾನೆ. ಅವರು ಅದನ್ನು ಕಣ್ಣಿಗೊತ್ತಿಕೊಂಡರಂತೆ. ನಾನು ಹೊರಗೆ ಬರುವ ಹೊತ್ತಿಗೆ ಗಂಡನೂ ಬಂದಿದ್ದ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಅವನ ಬಲಗೈಯ ಬೆರಳುಗಳನ್ನು ನೋಡಿದೆ.

“ಉಪಕಾರ ಆತ್ರಿ ಮೇಡಮ್ಮರ.”

ಸಿಸ್ಟರ್ ನನ್ನ ಕಿವಿಯಲ್ಲಿ, “ಆ ಪುಣ್ಯಾತ್ಮ ಪೇಡೆ ಕೊಟ್ಟಾನ. ಗಂಡು ಅಂತ ತಿಳಕೊಂಡಾರ,” ಎಂದರು.

ನಾನು ಅಲ್ಲೇ ಸ್ಪಷ್ಟವಾಗಿ ಹೇಳಿದೆ. ನಾವು ನೋಡಿದ್ದು ಕೈಯ ನರ. ಹೊಟ್ಟೆಯ ಮೇಲೆ ಯಂತ್ರ ಇಟ್ಟಿಲ್ಲ. ಗಂಡೋ ಹೆಣ್ಣೋ ನಮಗೆ ಗೊತ್ತಿಲ್ಲ. ನೋಡುವುದು ಅಪರಾಧ. ಪೇಡೆ ಯಂತ್ರ ಮಾರಾಟವಾದದ್ದಕ್ಕೆ. ಅತ್ತೆ ಎಲ್ಲವನ್ನೂ ಕೇಳಿ, ನನ್ನ ಮಣಿಕಟ್ಟು ಮೆಲ್ಲಗೆ ಒತ್ತಿದರು.

“ಗೊತ್ತೈತಿ ನಮ್ಮವ್ವಾ. ನೀ ಬಾಯಿ ಬಿಟ್ಟು ಹೇಳಾಂಗಿಲ್ಲ. ಬೋರ್ಡ್ ಹಚ್ಚೀರಲ್ಲ.”

“ಅಮ್ಮಾ, ಖರೇನ ನೋಡಿಲ್ಲ.”

“ನೋಡಿಲ್ಲ, ನೋಡಿಲ್ಲ. ನಾವೂ ಕೇಳಿಲ್ಲ,” ಎಂದು ಮಗನ ಕಡೆ ನೋಡಿ ನಕ್ಕರು.

ನಾನು ಇಲ್ಲವೆಂದಷ್ಟೂ ಅವರಿಗೆ ಖಾತ್ರಿಯಾಗುತ್ತಿತ್ತು. ಅಂದು ಸಂಜೆ ವಾರ್ಡಿನಲ್ಲಿ ಮತ್ತೊಮ್ಮೆ ಅವರನ್ನು ಕೂರಿಸಿ ಹೇಳಬೇಕೆಂದು ಹೋದೆ. ಅತ್ತೆ ನೀರು ತರಲು ಹೋಗಿದ್ದಾಗ ಅವಳು ನನ್ನನ್ನು ತಡೆದಳು. ಜೋಮು ಇಳಿದು ನೋವು ಶುರುವಾಗಿತ್ತು.

“ಹಂಗ ಇರ್ಲಿ ಬಿಡ್ರಿ ಅಕ್ಕಾರ. ಅವರು ನನಗ ಹಾಲು ಕುಡಿಸ್ಯಾರ ಇವತ್ತು, ತಮ್ಮ ಕೈಯಿಂದ. ನಾಕು ತಿಂಗಳು ಉಸಿರಾಡ್ತೇನಿ.”

“ನಾಕು ತಿಂಗಳ ಮ್ಯಾಲೆ?”

“ಆಗಿಂದು ಆಗ ನೋಡೂಣ್ರಿ.”

ಬಿಟ್ಟೆ. ನನ್ನ ಅರಿವಳಿಕೆ ಹಾಳೆಯಲ್ಲಿ ‘ಕುತ್ತಿಗೆಯ ಸ್ನಾಯುವಿನಲ್ಲಿ ರಕ್ತಸ್ರಾವ, ಎಡಗಡೆ’ ಎಂದು ಬರೆದೆ. ಯಾರಿಂದ, ಹೇಗೆ, ಬರೆಯಲಿಲ್ಲ. ಪೊಲೀಸರಿಗೆ ಹೇಳಲಿಲ್ಲ. ಅವಳ ಮಾತಿಗೆ ಗೌರವ ಕೊಟ್ಟೆನೆಂದು ಆಗ ನನಗೆ ನಾನೇ ಹೇಳಿಕೊಂಡೆ. ಅಂಜಿಕೆಯೂ ಇತ್ತು. ಎಷ್ಟು ಗೌರವ, ಎಷ್ಟು ಅಂಜಿಕೆ ಎಂದು ಇವತ್ತಿಗೂ ಬೇರ್ಪಡಿಸಲು ಬರುವುದಿಲ್ಲ.

ಯಂತ್ರ ಬಂತು. ನೋಂದಣಿಯಾಗಿ ಥಿಯೇಟರಿನಲ್ಲಿ ನಿಂತಿತು. ಅವಳು ಕೈ ತೋರಿಸಲು ಎರಡು ಸಲ ಬಂದಳು. ಮೈ ತುಂಬಿಕೊಂಡಿತ್ತು. ಮಗಳನ್ನೂ ಕರೆದುಕೊಂಡು ಬಂದಿದ್ದಳು. ಆ ಹುಡುಗಿ ತಂದೆ ಇದ್ದ ಕಡೆಗೆ ಬೆನ್ನು ಮಾಡದೆ, ಏಡಿಯ ಹಾಗೆ ಪಕ್ಕಕ್ಕೆ ನಡೆಯುತ್ತಿತ್ತು. ಅವನು ಹೆಂಡತಿಯ ಚೀಲ ಹಿಡಿದುಕೊಂಡು, “ಮೆಟ್ಟಲ ಅದಾವ, ಸಾವಕಾಶ,” ಎನ್ನುತ್ತಿದ್ದ. ಒಂದು ಗುರುತೂ ಹೊಸದಿರಲಿಲ್ಲ. ನಾನು ಪ್ರತಿ ಸಲವೂ ಅವಳ ಕುತ್ತಿಗೆ ನೋಡುತ್ತಿದ್ದೆ. ಅವಳು ಬೇಕೆಂದೇ ಸೆರಗು ಸರಿಸಿ ತೋರಿಸುತ್ತಿದ್ದಳು.

ಅವಳು ಹೆತ್ತ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವನು ನಮ್ಮಲ್ಲಿಗೆ ಬಂದ. ಕಾವಲಿನವನು ಹೊರಗೆ ಗಾಡಿ ಸರಿಸುತ್ತಿದ್ದ. ನಾನು ಒಬ್ಬ ಮುದುಕರ ಭುಜದ ಹತ್ತಿರ ಪ್ರೋಬ್ ಹಿಡಿದು ಕೂತಿದ್ದೆ. ಬಾಗಿಲು ಗೋಡೆಗೆ ಬಡಿದ ಸದ್ದಾಯಿತು. ರಾಡು ಅವನ ಬಲಗೈಯಲ್ಲಿತ್ತು. ಕಾಲಿನಲ್ಲಿ ಚಪ್ಪಲಿ ಇತ್ತು. ಥಿಯೇಟರಿನಲ್ಲಿ ಚಪ್ಪಲಿ ಎಂದು ನನಗೆ ಮೊದಲು ಅನಿಸಿದ್ದು ಅಷ್ಟೇ.

“ಎಲ್ಲೈತಿ ಆ ಮಶೀನು?”

ಯಾರೂ ಹೇಳಬೇಕಾಗಿರಲಿಲ್ಲ. ಮೊದಲನೆಯ ಏಟು ಪರದೆಯ ಮೇಲೆ. ಗಾಜು ಮುದುಕರ ಎದೆಯ ಮೇಲೆ ಬಿತ್ತು. ಎರಡನೆಯದು ಗುಂಡಿಗಳ ಹಲಗೆಯ ಮೇಲೆ. ಮೂರನೆಯದು ನನ್ನ ಕೈಯಲ್ಲಿದ್ದ ಪ್ರೋಬಿನ ತಂತಿಯ ಮೇಲೆ. ಪ್ರೋಬ್ ಕೈಯಿಂದ ಕಿತ್ತುಕೊಂಡು ಹೋಯಿತು. ಸಿಸ್ಟರ್ ಮುದುಕರ ಸ್ಟ್ರೆಚರನ್ನು ಎರಡೂ ಕೈಯಿಂದ ಎಳೆದು ಮೂಲೆಗೆ ದಬ್ಬಿ, ತಾವು ಮುಂದೆ ನಿಂತರು.

“ಸುಳ್ಳು ಹೇಳೇತಿ ನಿಮ್ಮ ಮಶೀನು! ಹೆಣ್ಣು ಹಡದಾಳ! ಪೇಡೆ ತಿನಿಸಿದ್ರಿ ನಮಗ!”

“ಅಕಿ ಎಲ್ಲದಾಳ? ಅಕಿಗೇನ್ ಮಾಡಿದಿ?” ಎಂದು ಸಿಸ್ಟರ್ ಕೂಗಿದರು.

ಅವನು ನನ್ನ ಕಡೆ ತಿರುಗಿದ. ರಾಡು ಬರುವುದು ನನಗೆ ಕಂಡಿತು. ತಲೆ ತಗ್ಗಿಸಿದೆನೋ, ಅವನೇ ತಪ್ಪಿದನೋ ಹೇಳಲಾರೆ. ಎಡ ಕಿವಿಯ ಪಕ್ಕ ಗೋಡೆಯ ಟೈಲ್ಸ್ ಒಡೆದು ಅದರ ಪುಡಿ ನನ್ನ ಬಾಯೊಳಗೆ ಬಂತು.

ಆಗ ಅವನನ್ನು ಹಿಂದಿನಿಂದ ಹಿಡಿದರು. ಕಾವಲಿನವನು, ವಾರ್ಡಿನ ಇಬ್ಬರು, ಹೊರರೋಗಿಗಳ ಸಾಲಿನಲ್ಲಿದ್ದ ನಾಲ್ಕೈದು ಗಂಡಸರು. ಮೊಗಸಾಲೆಗೆ ಎಳೆದುಕೊಂಡು ಹೋದರು. ರಾಡು ಕಸಿದರು. ಆ ರಾಡಿನಿಂದಲೇ ಅವನ ತೊಡೆಗೆ ಹೊಡೆದರು. ಎಲುಬು ಮುರಿಯುವ ಸದ್ದು ನನಗೆ ಪರಿಚಯದ್ದು. ಬಿದ್ದ ಮೇಲೂ ಸಲೈನ್ ಸ್ಟ್ಯಾಂಡಿನಿಂದ ಹೊಡೆದರು, ಒದ್ದರು. ಒಬ್ಬ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿದ್ದ. ಇನ್ನೊಬ್ಬ ಎರಡು ಸಲ ಒದ್ದು, ದಮ್ಮು ಹತ್ತಿ, ಪಕ್ಕದವನನ್ನು ಕೇಳಿದ:

“ಏನ್ ಮಾಡಿದ್ನರೀ ಇಂವ?”

ನಾನು ಬಾಗಿಲಲ್ಲಿ ನಿಂತಿದ್ದೆ. ನಿಲ್ಲಿಸಿ ಎನ್ನಬೇಕಿತ್ತು. ದನಿ ಬರಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಪೂರ್ತಿ ನಿಜವಲ್ಲ. ಸ್ವಲ್ಪ ಹೊತ್ತು ನನಗೆ ನಿಲ್ಲಿಸುವ ಮನಸ್ಸಿರಲಿಲ್ಲ. ಹನ್ನೊಂದು ಏಟು ಎಣಿಸಿದೆ. ಎಣಿಸುತ್ತಿದ್ದೆ ಎಂಬುದೇ ಸಾಕ್ಷಿ.

“ಬಿಡ್ರೋ! ಸಾಯ್ತಾನ! ನಿಮ್ಮ ಕೈಯಾಗ ಸತ್ರ ನೀವ ಒಳಗ ಹೋಗ್ತೀರಿ!” ಸಿಸ್ಟರ್ ಒಬ್ಬರೇ ನುಗ್ಗಿದರು. ಅವರ ಬಿಳಿ ಕೋಟು ಕಂಡು ಕೈಗಳು ನಿಂತವು.

ಅವನ ಗಂಟಲಿನಲ್ಲಿ ರಕ್ತ ಗೊರಗುಟ್ಟುತ್ತಿತ್ತು. ತುಟಿ ನೀಲಿಯಾಗುತ್ತಿತ್ತು. ಆಗ ನನ್ನ ಕೈಗಳು ತಮ್ಮಷ್ಟಕ್ಕೆ ಹೋದವು. ಮೊಣಕಾಲೂರಿ, ಅವನ ದವಡೆಯ ಕೆಳಗೆ ಬೆರಳಿಟ್ಟು ಮೇಲಕ್ಕೆತ್ತಿ, ರಕ್ತ ಹೀರಿ ತೆಗೆದು, ಗಂಟಲಿಗೆ ಕೊಳವೆ ಇಳಿಸಿದೆ. ಕೊಳವೆ ಇಳಿಸುವಾಗ ನನ್ನ ಎಡಗೈ ಅವನ ಕುತ್ತಿಗೆಯ ಮೇಲಿತ್ತು. ಅಲ್ಲಿ ನಾಡಿ ಜೋರಾಗಿಯೇ ಇತ್ತು.

ಅಷ್ಟರಲ್ಲಿ ಸಿಸ್ಟರ್ ಹೆರಿಗೆ ಆಸ್ಪತ್ರೆಗೆ ಫೋನ್ ಹಚ್ಚಿದ್ದರು. ಅವರು ಕಿವಿಗಿಟ್ಟುಕೊಂಡು ನಿಂತಿದ್ದಷ್ಟು ಹೊತ್ತು ನಾನು ಗಾಳಿಯ ಚೀಲ ಒತ್ತುತ್ತ ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಫೋನ್ ಇಳಿಸಿ, “ಅದಾರ. ಇಬ್ರೂ ಅದಾರ,” ಎಂದರು.

ಆಮೇಲೆ ತಿಳಿದದ್ದು ಇಷ್ಟು. ಮಗು ಹೊರಗೆ ಬಂದು, ದಾದಿ ಹೆಣ್ಣೆಂದ ಕೂಡಲೇ ಅವಳು ಮಗುವಿನ ಮುಖ ಸಹ ನೋಡದೆ, “ಮೊದಲ ಬಾಗಲಾ ಹಾಕ್ರಿ,” ಎಂದಿದ್ದಳು. ಅವಳ ಮುಖ ನೋಡಿ ದಾದಿ ಯಾಕೆಂದು ಕೇಳದೆ ಚಿಲಕ ಹಾಕಿ, ಔಷಧಿಯ ಕಪಾಟನ್ನು ಬಾಗಿಲಿಗೆ ಅಡ್ಡ ಸರಿಸಿದ್ದಳು. ಅವನು ಆ ಬಾಗಿಲನ್ನು ಒದ್ದು, ತೆರೆಯದಾದಾಗ ನಮ್ಮಲ್ಲಿಗೆ ಬಂದಿದ್ದ.

ಮರುದಿನ ನಾನೂ ಸಿಸ್ಟರೂ ಅಲ್ಲಿಗೆ ಹೋದೆವು. ಹಿಂದಿನ ದಿನವೇ ಠಾಣೆಯಲ್ಲಿ ಯಂತ್ರ ಒಡೆದದ್ದರ ಬಗ್ಗೆ ದೂರು ಕೊಟ್ಟಾಗಿತ್ತು. ಅವನನ್ನು ಹೊಡೆದವರ ಬಗ್ಗೆಯೂ ಕಂಡದ್ದನ್ನು ಹೇಳಿದ್ದೆ. ಹೊಡೆದವರಲ್ಲಿ ನಮ್ಮ ಆಸ್ಪತ್ರೆಯವರೂ ಇದ್ದದ್ದರಿಂದ ದೊಡ್ಡ ಡಾಕ್ಟರು ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ಇಂದು ಹೇಳಬೇಕಾದದ್ದು ಬೇರೆಯಿತ್ತು. ಠಾಣೆಯಿಂದ ಬಂದ ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ಜೊತೆಗಿದ್ದರು. ನಾಲ್ಕು ತಿಂಗಳ ಹಿಂದೆ ಬರೆಯದೆ ಬಿಟ್ಟದ್ದನ್ನೆಲ್ಲ ನಾನು ರಾತ್ರಿ ಕೂತು ಬರೆದಿದ್ದೆ: ಎಲುಬು, ಐದು ಗುರುತು, ಕಪ್ಪು ಮಡು, ಅವಳು ಹೇಳಿದ ಮಾತು, ನಾನು ಸುಮ್ಮನಿದ್ದದ್ದು. ಅವಳ ಮುಂದೆ ಓದಿದೆ. ಅವಳು ಮಗುವಿಗೆ ಹಾಲೂಡಿಸುತ್ತ ಕೇಳಿದಳು.

“ಎರಡು ಏಟು ಅಂತ ಬರದೀರಿ. ಮೂರ್ರಿ. ಒಂದು ಬೆನ್ನಿಗೆ ಬಿದ್ದಿತ್ತು, ಅವತ್ತು ಹೇಳಿದ್ದಿಲ್ಲ ನಾ.”

ತಿದ್ದಿದೆ.

“ಅವರು ಅದಾರೇನ್ರಿ?”

“ಅದಾರ.”

“ಯಾರು ಉಳಿಸಿದ್ರು?”

“ನಾನು,” ಎಂದೆ.

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ನಾನು ಊಹಿಸಲು ಹೋಗುವುದಿಲ್ಲ. ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡಳು.

“ಎಷ್ಟು ದಿನ ಮಲಗಿರ್ತಾರ?”

“ತೊಡಿ ಎಲುಬು ಮುರದದ. ಒಂದೂವರೆ ತಿಂಗಳು ಕಾಲು ಊರಾಕ ಆಗಾಂಗಿಲ್ಲ. ಆಮ್ಯಾಲೆ ಪೊಲೀಸರು...”

“ಪೊಲೀಸರ ಮಾತು ಬ್ಯಾಡ್ರಿ. ಒಂದೂವರೆ ತಿಂಗಳು ಖರೇ ಏನು?”

“ಖರೇ.”

“ಸಾಕು,” ಎಂದಳು. ಕೂಡಲೇ ಸಿಸ್ಟರ್ ಕಡೆ ತಿರುಗಿ, ಬೇರೆಯೇ ದನಿಯಲ್ಲಿ, ಲಗುಬಗೆಯಿಂದ ಹೇಳತೊಡಗಿದಳು. ಅತ್ತೆ ಮಗನ ಹತ್ತಿರ ಆಸ್ಪತ್ರೆಯಲ್ಲಿದ್ದಾರೆ. ದೊಡ್ಡ ಮಗಳು ಬಾಜೂ ಮನೆಯಲ್ಲಿದ್ದಾಳೆ. ಮಧ್ಯಾಹ್ನ ಅತ್ತೆ ಊಟಕ್ಕೆ ಬರುತ್ತಾರೆ, ಬಂದರೆ ಮಗಳನ್ನು ಒಳಗೆ ಹಾಕಿಕೊಳ್ಳುತ್ತಾರೆ, ಆಮೇಲೆ ಬಿಡುವುದಿಲ್ಲ. ಕೆಲಗೇರಿಯಲ್ಲಿ ತನ್ನ ಅಕ್ಕ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ಅಲ್ಲಿಗೆ ಹೋಗುವುದು. ಆದರೆ ಮೊದಲು ಮಗಳು.

“ಈಗ ಹೋಗ್ರಿ. ಈಗ ಹೋದ್ರ ಸಿಗ್ತಾಳ.”

ಸಿಸ್ಟರೂ ಕಾನ್‌ಸ್ಟೆಬಲ್ಲೂ ಆಟೊದಲ್ಲಿ ಹೋದರು. ನಾನು ಚಿಲಕ ಹಾಕಿ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಒಂದು ಗಂಟೆ ಇಪ್ಪತ್ತು ನಿಮಿಷ ಕಾದೆವು. ಮೊಗಸಾಲೆಯಲ್ಲಿ ಹೆಜ್ಜೆ ಕೇಳಿದಾಗಲೆಲ್ಲ ಅವಳು ಮಗುವಿನ ತಲೆಯ ಮೇಲೆ ಕೈ ಇಡುತ್ತಿದ್ದಳು, ಹೆಜ್ಜೆ ದಾಟಿದ ಮೇಲೆ ತೆಗೆಯುತ್ತಿದ್ದಳು.

ಬಾಗಿಲು ತಟ್ಟಿ, “ನಾನ ಅದೇನಿ, ತಗೀರಿ,” ಎಂದರು ಸಿಸ್ಟರ್. ಅವರ ಸೊಂಟದ ಮೇಲೆ ಹುಡುಗಿ ಇತ್ತು. ಕೆಳಗಿಳಿಸಿದರು. ಅದು ತಾಯಿಯ ಹತ್ತಿರ ಓಡಲಿಲ್ಲ. ಮೊದಲು ಬಗ್ಗಿ ಮಂಚದ ಕೆಳಗೆ ನೋಡಿತು, ಬಾಗಿಲ ಹಿಂದೆ ನೋಡಿತು, ಆಮೇಲೆ ನನ್ನ ಕುರ್ಚಿಯ ಹಿಂದೆ.

“ಅಪ್ಪಾ ಇಲ್ಲೇನು?”

“ಇಲ್ಲವಾ,” ಎಂದಳು ತಾಯಿ.

ಹುಡುಗಿ ಚಪ್ಪಲಿ ಹಾಕಿಕೊಂಡೇ ಮಂಚ ಹತ್ತಿತು. ನಮ್ಮಲ್ಲಿ ಯಾರೂ ಅದಕ್ಕೆ ಇಳಿ ಎನ್ನಲಿಲ್ಲ. ಸಿಸ್ಟರ್ ಬಾಗಿಲ ಚಿಲಕವನ್ನು ಮತ್ತೆ ಹಾಕಿದರು.